ಹೆಲಿಕಾಪ್ಟರ್ ಹೋದ ಮೇಲೆ

ರೀ,

ನಿಮ್ಮ ಕಿವಿಯ ಮೆಷಿನ್ ನನ್ನ ಪರ್ಸಿನಲ್ಲೇ ಉಳಿದಿದೆ. ಫೋನಿನಲ್ಲಿ ಕೂಗಿದರೂ ನಿಮಗೆ ಕೇಳಿಸದು, ಅದಕ್ಕೇ ಈ ಪತ್ರ. ಹಡಗಿನ ಡಾಕ್ಟರು ಇದರ ಫೋಟೋ ತೆಗೆದು ನಿಮ್ಮ ಆಸ್ಪತ್ರೆಗೆ ಕಳಿಸಿಕೊಡುತ್ತಾರೆ.

ಹೆಲಿಕಾಪ್ಟರಿನವರು ನಿಮ್ಮನ್ನು ಎತ್ತಿಕೊಳ್ಳುವಾಗ ನಾನು ಹತ್ತಿರ ಬರಲಿಲ್ಲವೆಂದು ಬೇಜಾರು ಮಾಡಿಕೊಳ್ಳಬೇಡಿ. ಓಡಿಬಂದಿದ್ದೆ. ಒಬ್ಬ ನಾವಿಕ ತೋಳು ಹಿಡಿದು, "ಅಮ್ಮಾ, ಮೇಲಿಂದ ಹಗ್ಗದಲ್ಲಿ ಇಳೀತಿರೋ ಆ ಕೊಕ್ಕೆ ಮೊದಲು ಡೆಕ್ಕಿಗೆ ತಾಗಬೇಕು. ಅದಕ್ಕೆ ಮುಂಚೆ ಮುಟ್ಟಿದ್ರೆ ಕರೆಂಟ್ ಹೊಡಿಯುತ್ತೆ" ಅಂದ. ಅದು ತಾಗಿದ್ದೇ ತಡ, ನಿಮ್ಮ ಸ್ಟ್ರೆಚರ್ ಸಿಕ್ಕಿಸಿ ಎತ್ತಿಬಿಟ್ಟರು. ಬಲ್ಬ್ ಹಾಕಲು ಸ್ಟೂಲ್ ಹತ್ತಿದರೂ ತಲೆ ಸುತ್ತುತ್ತದೆ ಎನ್ನುವ ನೀವು ಹಗ್ಗದಲ್ಲಿ ತೂಗಾಡುತ್ತಾ ಹೋದಿರಿ. ಹೆಲಿಕಾಪ್ಟರಿನಲ್ಲಿ ರೋಗಿಗೆ ಮಾತ್ರ ಜಾಗವಂತೆ, ಹೆಂಡತಿಗಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ನಾನು ಬರುವ ತನಕ ಹೃದಯದ ಆಪರೇಷನ್ ಬೇಡವೆಂದು ಹಟ ಹಿಡಿದಿದ್ದೀರಂತೆ. ಹಡಗು ದಡ ಸೇರುವುದು ನಾಡಿದ್ದು. ಅಷ್ಟು ಹೊತ್ತು ತಡೆಯುವ ಹಾಗಿಲ್ಲ ಎಂದು ಡಾಕ್ಟರು ನನ್ನ ಮುಖ ನೋಡದೆ ಹೇಳಿದರು.

ಮದುವೆಯಾದಾಗಿನಿಂದ ಎಲ್ಲಿಗೆ ಹೊರಟರೂ, "ಎಷ್ಟೊತ್ತೇ ನಿಂದು? ನಾನು ಹೋಗ್ತಾ ಇರ್ತೀನಿ, ನೀನು ಬಾ" ಎಂದು ಗೊಣಗಿದವರು ನೀವು. ಆಮೇಲೆ ನೋಡಿದರೆ ಗೇಟಿನ ಹತ್ತಿರವೇ ನಿಂತಿರುತ್ತಿದ್ದಿರಿ. ಒಂದು ದಿನವೂ ನನ್ನ ಬಿಟ್ಟು ಹೋದವರಲ್ಲ. ಈ ಸಲ ಗೇಟಿನ ಹತ್ತಿರ ನಿಲ್ಲಬೇಡಿ. ನರ್ಸ್ ಕಾಗದ ತಂದ ಕೂಡಲೇ ಸಹಿ ಹಾಕಿ ಒಳಗೆ ಹೋಗಿ.

ಎಚ್ಚರವಾದ ಮೇಲೆ ಚಪ್ಪಲಿಗಾಗಿ ತಡಕಾಡಬೇಡಿ, ಅವೂ ನನ್ನ ಹತ್ತಿರವೇ ಇವೆ. ಚೀಲ ತುಂಬಿಯಾಗಿದೆ, ತಲೆ ಬಾಚಿಯಾಗಿದೆ. ಹಡಗಿನಿಂದ ಇಳಿಯುವ ಬಾಗಿಲ ಪಕ್ಕದ ಕುರ್ಚಿಯಲ್ಲಿ ಈಗಲೇ ಬಂದು ಕೂತಿದ್ದೇನೆ.

ಇಂತಿ,
ಈ ಸಲ ತಡ ಮಾಡದ
ನಿಮ್ಮವಳು