ಬೆಳ್ಮಣ್ಣಿನ ಬೇಸಿಗೆ ದಾರಿ

ಕಾರ್ಕಳ
ಭಾನುವಾರ, 4 ಜುಲೈ 2010

ಪ್ರೀತಿಯ ಅಕ್ಕಾ,

ನಿನ್ನ ತಮ್ಮ ಕರಿಬಸವನ ನಮಸ್ಕಾರಗಳು. ನಿನ್ನ ಕುತ್ತಿಗೆ ನೋವು ಈಗ ಹೇಗಿದೆ? ಹೊಲಿಗೆ ಯಂತ್ರದ ಮುಂದೆ ಬಗ್ಗಿ ಕೂತು ಕೂತು ಹೀಗಾಗಿದೆ ಎಂದು ಗಜೇಂದ್ರಗಡದ ಡಾಕ್ಟರು ಹೇಳಿದ ಮೇಲೆ ನನಗೆ ಸಮಾಧಾನವಿಲ್ಲ. ಫೋನಿನಲ್ಲಿ ನೀನು ‘ಆರಾಮ ಐತಿ ಬಿಡೋ’ ಎಂದರೆ ನನಗೆ ಇನ್ನೂ ಭಯ. ನೀನು ನಿಜವಾಗಿ ಆರಾಮ ಇದ್ದರೆ ಮೊದಲು ನನ್ನನ್ನು ಬೈಯುತ್ತೀ. ಭಾವನವರು ಮಾತ್ರೆ ಸರಿಯಾಗಿ ತೆಗೆದುಕೊಳ್ಳುತ್ತಾರಾ? ಮಕ್ಕಳನ್ನು ಬೆಟ್ಟದ ಕಡೆ ಆಡಲು ಬಿಡಬೇಡ, ಬಿಟ್ಟರೂ ಚಪ್ಪಲಿ ಹಾಕಿಸಿ ಬಿಡು. ಇಲ್ಲಿ ನಾವು ಕ್ಷೇಮ. ಮಳೆ ಮಾತ್ರ ಮನೆಯ ಹೆಂಚಿನ ಮೇಲೆಯೇ ಕೂತಿದೆ. ಗುಡುಗಿದರೆ ನಾನು ಎಲ್ಲ ಪ್ಲಗ್ಗು ಕೀಳುತ್ತೇನೆ, ನಿನ್ನ ತಮ್ಮನ ಹೆಂಡತಿ ಶಶಿಕಲಾ ಹಿಂದೆಯೇ ಬಂದು ಹಾಕುತ್ತಾಳೆ. ‘ನಿಮ್ಮ ಹೆದರಿಕಿಗೆ ಹೆದರಿ ಸಿಡಿಲ ಬ್ಯಾರೆ ಊರಿಗೆ ಹೋಕ್ಕೈತಿ ನೋಡ್ರಿ’ ಎಂದು ಅವಳ ತಮಾಷೆ.

ಅಕ್ಕಾ, ನಾನೂ ಒಂದು ಕಡೆ ಗೆದ್ದಿದ್ದೇನೆ. ಫೋನಿನಲ್ಲಿ ಹೇಳಹೋದರೆ ಕರೆನ್ಸಿ ಮುಗಿಯುತ್ತದೆ, ಮಾತು ಮುಗಿಯುವುದಿಲ್ಲ. ಅದಕ್ಕೇ ಕಾಗದ. ಎಂಟನೆಯ ಇಯತ್ತೆ ಅರ್ಧಕ್ಕೆ ಬಿಟ್ಟು ಅಪ್ಪನ ಜೊತೆ ಮಣಿಪಾಲದ ಕಟ್ಟಡಗಳಿಗೆ ಇಟ್ಟಿಗೆ ಹೊರಲು ಬಂದವನು ಏನು ಗೆಲ್ಲುತ್ತಾನೆ ಎಂದು ನಗಬೇಡ. ಅಕ್ಷರ ತಪ್ಪಿದ್ದರೆ ಅದಕ್ಕೂ ನಗಬೇಡ.

ಕಂಪ್ಯೂಟರಿನಲ್ಲಿ ಒಂದು ನಕ್ಷೆ ಇದೆ. ಅದನ್ನು ಊರೂರಿನ ಜನ ತಾವೇ ಕೂತು ಬಿಡಿಸುತ್ತಾರೆ. ಕೆಳಗೆ ಆಕಾಶದಿಂದ ತೆಗೆದ ಫೋಟೋ ಇರುತ್ತದೆ. ಅದರ ಮೇಲೆ ನಿನಗೆ ಗೊತ್ತಿರುವ ಗಲ್ಲಿಗೆ ಗೆರೆ ಎಳೆದು ಹೆಸರು ಬರೆಯಬೇಕು. ಹೊಸಬರು ಎಳೆದ ಗೆರೆ ಕೂಡಲೇ ಎಲ್ಲರಿಗೂ ಕಾಣುವುದಿಲ್ಲ. ಹಳಬರಲ್ಲಿ ಒಬ್ಬರು ನೋಡಿ ‘ಸರಿ’ ಎಂದು ಒತ್ತಬೇಕು, ಸರಿಯಿಲ್ಲದಿದ್ದರೆ ಯಾಕೆಂದು ಕೆಳಗೆ ಬರೆಯಬೇಕು. ನಮ್ಮ ಕೊರಿಯರ್ ಅಂಗಡಿ ಮಧ್ಯಾಹ್ನ ಊಟಕ್ಕೆ ಮುಚ್ಚುತ್ತದಲ್ಲ, ಧಣಿಗಳು ಮನೆಗೆ ಹೋದ ಮೇಲೆ ಆ ಕಂಪ್ಯೂಟರ್ ಮುಟ್ಟಲು ನನಗೆ ಒಪ್ಪಿಗೆ ಉಂಟು. (ನೋಡು, ನನಗೂ ಇಲ್ಲಿಯವರ ‘ಉಂಟು’ ಅಂಟಿಕೊಂಡಿದೆ.) ಹಾಗೆ ಹೋದ ವರ್ಷ ಶುರು ಮಾಡಿದೆ. ನನ್ನ ಮೊದಲ ಗಲ್ಲಿ ಯಾರದೋ ಬಾವಿಯ ಮೇಲೆ ಹಾದು ಹೋಗಿತ್ತು. ಮಣಿಪಾಲದ ಲೈಬ್ರರಿಯಲ್ಲಿ ಕೆಲಸ ಮಾಡುವ ಮನೋರಮಾ ಮೇಡಂ ಅದನ್ನು ನೋಡಿ, ‘ಗಲ್ಲಿಯ ತಿರುವು ಚೆನ್ನಾಗಿ ಬಂದಿದೆ. ಬಾವಿಯವರು ಜಾಗ ಬಿಡುವುದಿಲ್ಲವಂತೆ, ನೀವೇ ಸ್ವಲ್ಪ ಎಡಕ್ಕೆ ಸರಿಯಿರಿ’ ಎಂದು ಬರೆದಿದ್ದರು. ಆ ಮಾತಿಗೇ ನಾನು ಉಳಿದೆ.

ಎಲ್ಲರೂ ಮೇಡಂ ಹಾಗಲ್ಲ. ಕಾಪುವಿನಲ್ಲಿ ಸ್ಟುಡಿಯೋ ಇಟ್ಟಿರುವ ಓಸ್ವಾಲ್ಡ್, ಈ ಕಡೆಯ ನಕ್ಷೆ ಬಿಡಿಸುವ ನಮ್ಮ ಗುಂಪಿನ ಬಹಳ ಹಳಬ. ಕೈ ಚುರುಕು, ನಾಲಿಗೆ ಅದಕ್ಕಿಂತ ಚುರುಕು. ಹೊಸಬರಿಗೆ ಅವನು ಬರೆಯುವುದು ಒಂದೇ: ‘ತಪ್ಪು. ತೆಗೆದಿದ್ದೇನೆ.’ ಹೆಜಮಾಡಿಯಿಂದ ಒಬ್ಬ, ನಿಟ್ಟೆ ಕಾಲೇಜಿನಿಂದ ಒಬ್ಬಳು ಬಂದವರು ಹಾಗೆಯೇ ಹೋದರು, ತಿರುಗಿ ಬರಲಿಲ್ಲ. ನಕ್ಷೆಯಲ್ಲಿ ಇಲ್ಲೇ ಹತ್ತಿರದ ಬೆಳ್ಮಣ್ಣಿನ ಮೂಡು ದಿಕ್ಕು ಮಾತ್ರ ತೊಳೆದಿಟ್ಟ ಬಟ್ಟಲಿನ ಹಾಗೆ ಖಾಲಿ ಉಳಿದಿತ್ತು. ಆ ಕಡೆಯವರು ನಮ್ಮಲ್ಲಿ ಯಾರೂ ಇರಲಿಲ್ಲ.

ಮೇ ತಿಂಗಳಲ್ಲಿ ಅಲ್ಲಿಂದ ಒಬ್ಬರು ಬಂದರು. ಹೆಸರು ರೊಸಾರಿಯೊ. ಇಗರ್ಜಿ, ಕೆರೆ, ತೋಡಿನ (ಇಲ್ಲಿ ಸಣ್ಣ ಹಳ್ಳಕ್ಕೆ ಹಾಗನ್ನುತ್ತಾರೆ) ಮೇಲಿನ ಕಾಲುಸಂಕ, ಎಲ್ಲ ಜಾಗಕ್ಕೆ ಸರಿಯಾಗಿ ಗುರುತು ಹಾಕಿದ್ದರು. ಆದರೆ ಬಯಲಿನ ನಡುವೆ ದಪ್ಪ ಗೆರೆ ಎಳೆದು ‘ವಾಹನ ರಸ್ತೆ’ ಎಂದು ಬರೆದಿದ್ದರು. ಫೋಟೋದಲ್ಲಿ ನೋಡಿದರೆ ಅಲ್ಲಿ ಹಸಿರು ಗದ್ದೆ! ಮೇಡಂ ನನಗೆ ಫೋನ್ ಮಾಡಿ, ‘ಕರಿಬಸವ, ನೀವೂ ಈಗ ಹಳಬರೇ, ಈ ಸಲ ನೀವು ಬರೆಯಿರಿ’ ಎಂದರು. ನನಗೆ ಅನ್ನ ಸೇರಲಿಲ್ಲ. ನಾನು ಬರೆದ ಮಾತಿಗೆ ಅವರೂ ಎದ್ದು ಹೋದರೆ ಆ ಕಡೆ ಇನ್ನು ಯಾರು ಬರುತ್ತಾರೆ? ಹೆದರಿಕೆಯಲ್ಲಿ ಮೊದಲು ಬರೆದದ್ದು ಓಸ್ವಾಲ್ಡನ ಮಾತಿನ ಹಾಗೆಯೇ ಇತ್ತು. ಶಶಿಕಲಾಗೆ ಓದಿ ಹೇಳಿದೆ. ‘ಸಾಲಿ ಮಾಸ್ತರ ಬೆತ್ತ ಹಿಡಕೊಂಡು ಬಂದಂಗೈತಿ, ನಾ ಆಗಿದ್ರ ಓಡಿ ಹೋಗತಿದ್ದೆ’ ಎಂದಳು. ಅಳಿಸಿ, ಕಾಲುಸಂಕವನ್ನು ಮೆಚ್ಚಿ, ಕೊನೆಗೆ ‘ಗದ್ದೆಯಲ್ಲಿ ವಾಹನ ಹೋಗುವುದಿಲ್ಲ, ಬಹುಶಃ ಅದು ಕಾಲುದಾರಿ ಇರಬೇಕು, ದಯವಿಟ್ಟು ಬದಲಿಸಿ’ ಎಂದು ಬರೆದೆ.

ಉತ್ತರ ಕೂಡಲೇ ಬಂತು. ‘ಅದೇ ದಾರಿಯಲ್ಲಿ ನನ್ನ ಮಗಳ ಮದುವೆಯ ಬಸ್ಸು ಅಂಗಳಕ್ಕೆ ಬಂದದ್ದು. ನೀವು ಎಲ್ಲಿಂದ ನೋಡಿದ್ದು ಮಾರಾಯ್ರೇ, ವಿಮಾನದಿಂದಲಾ? ನಿಮಗೇ ಅಷ್ಟು ಗೊತ್ತಿದ್ದರೆ ನಿಮ್ಮ ನಕ್ಷೆ ನೀವೇ ಇಟ್ಟುಕೊಳ್ಳಿ.’ ಓಸ್ವಾಲ್ಡ್ ಅದನ್ನು ಓದಿ ಫೋನಿನಲ್ಲಿ ನಕ್ಕದ್ದೇ ನಕ್ಕದ್ದು. ‘ಗದ್ದೆಯಲ್ಲಿ ಬಸ್ಸು ಹೋಗಲಿಕ್ಕೆ ಅದು ಎಂತ ದೋಣಿಯಾ? ತೆಗೆದು ಬಿಸಾಡು ಮಾರಾಯ, ನಿನಗೆ ಯಾಕೆ ಇಷ್ಟು ಮೆದು ಬುದ್ಧಿ?’ ಒತ್ತಿದರೆ ಹೋಗುತ್ತಿತ್ತು ಅಕ್ಕಾ, ಒಂದು ಬೆರಳಿನ ಕೆಲಸ. ನನ್ನ ಕೈ ಹೋಗಲಿಲ್ಲ. ಮದುವೆಯ ಬಸ್ಸಿನ ಬಗ್ಗೆ ಯಾರಾದರೂ ಸುಳ್ಳು ಹೇಳುತ್ತಾರಾ?

ಮರುದಿನ ಬೆಳ್ಮಣ್ಣಿಗೆ ಒಂದು ಪಾರ್ಸೆಲ್ ಇತ್ತು. ಕೊಟ್ಟು, ಆ ಬಯಲಿನ ತನಕ ಸೈಕಲ್ ತುಳಿದೆ. ನೋಡಿದರೆ ರಸ್ತೆ ಉಂಟು! ಈ ಕಡೆ ಕೊಯ್ಲು ಮುಗಿದ ಮೇಲೆ ಗದ್ದೆ ಒಣಗಿ ಕಲ್ಲಿನ ಹಾಗಾಗುತ್ತದೆ. ಮದುವೆ, ಮನೆ ಕಟ್ಟುವುದು ಎಂದರೆ ಬದುವನ್ನು ಅಲ್ಲಲ್ಲಿ ಕಡಿದು ಸಮ ಮಾಡಿ, ಮಳೆಗಾಲದವರೆಗೆ ಅದರ ಮೇಲೆಯೇ ಜೀಪು, ಲಾರಿ ಬಿಡುತ್ತಾರೆ. ಗದ್ದೆಯವರು ಯಾರೂ ಬೇಡ ಅನ್ನುವುದಿಲ್ಲ, ನಾಳೆ ಅವರ ಮನೆಗೂ ಚಪ್ಪರ ಬರುವುದುಂಟಲ್ಲ. ನಾನು ನಿಂತಿರುವಾಗಲೇ ಕುರ್ಚಿ ಹೇರಿದ ಟೆಂಪೋ ಒಂದು ಧೂಳೆಬ್ಬಿಸಿ ಹೋಯಿತು. ಮಳೆ ಬಿದ್ದರೆ ಬದು ಮತ್ತೆ ಕಟ್ಟಿ ಉಳುತ್ತಾರೆ, ರಸ್ತೆಯೇ ಭತ್ತವಾಗುತ್ತದೆ. ನಾನು ಬರೆದದ್ದು ಮಳೆಗಾಲಕ್ಕೆ ಸರಿ, ಅವರು ಎಳೆದದ್ದು ಬೇಸಿಗೆಗೆ ಸರಿ. ನಡುಬಯಲಿನಲ್ಲಿ ಒಬ್ಬನೇ ನಿಂತು ನಕ್ಕುಬಿಟ್ಟೆ. ಎಮ್ಮೆ ಮೇಯಿಸುವ ಅಜ್ಜಿಯೊಬ್ಬಳು ನನ್ನನ್ನು ನೋಡಿ ಎಮ್ಮೆಯನ್ನು ಆಚೆ ಹೊಡೆದುಕೊಂಡು ಹೋದಳು.

ಆ ಮಧ್ಯಾಹ್ನ ಊಟ ಬಿಟ್ಟು ಬರೆದೆ. ‘ನಾನು ಬಂದು ನೋಡಿದೆ. ನೀವು ಹೇಳಿದ್ದೇ ನಿಜ, ನೋಡದೆ ಬರೆದದ್ದು ನನ್ನದು ತಪ್ಪು. ಆದರೆ ಊರು ಗೊತ್ತಿಲ್ಲದವರು ಆಷಾಢದಲ್ಲಿ ಈ ನಕ್ಷೆ ನೋಡಿಕೊಂಡು ಬಂದರೆ ಕಾರು ಕೆಸರಿನಲ್ಲಿ ಹೂತುಹೋಗುತ್ತದೆ. ಗೆರೆ ಇರಲಿ, ಅದಕ್ಕೆ ಬೇಸಿಗೆಯಲ್ಲಿ ಮಾತ್ರ ಎಂದು ಸೇರಿಸಲು ಬರುತ್ತದೆ, ಹೇಗೆಂದು ಕೆಳಗೆ ಬರೆದಿದ್ದೇನೆ. ಮಳೆಗಾಲದಲ್ಲಿ ನೀವು ಯಾವ ಕಡೆಯಿಂದ ಸುತ್ತಿ ಮನೆಗೆ ಹೋಗುತ್ತೀರಿ? ಆ ದಾರಿ ನಕ್ಷೆಯಲ್ಲಿ ಇನ್ನೂ ಇಲ್ಲ. ನನಗೆ ಗೊತ್ತಿಲ್ಲ, ನಿಮಗೆ ಗೊತ್ತು.’

ಆಮೇಲೆ ಒಂದು ಮಾತೂ ಇಲ್ಲ. ಮಳೆ ಹಿಡಿಯಿತು. ಅವರಿಗೆ ಬೇಜಾರಾಯಿತೋ, ಸಿಡಿಲಿಗೆ ಅವರ ಕಂಪ್ಯೂಟರ್ ಸುಟ್ಟಿತೋ, ಹುಷಾರಿಲ್ಲವೋ ಎಂದು ನನ್ನ ತಲೆ ನೂರು ದಾರಿ ಹಿಡಿಯಿತು. ನಿನಗೆ ಗೊತ್ತಲ್ಲ, ಅವ್ವ ಸಂತೆಯಿಂದ ಬರುವುದು ತಡವಾದರೆ ನಾನು ಓಣಿಯ ತುದಿಯಲ್ಲಿ ನಿಂತು ಅಳುತ್ತಿದ್ದವನು.

ಜೂನ್ ಕಳೆಯುತ್ತಾ ಬಂದಾಗ ಒಂದು ಮಧ್ಯಾಹ್ನ ತೆರೆದು ನೋಡುತ್ತೇನೆ, ಬೆಳ್ಮಣ್ಣಿನ ಮೂಡು ದಿಕ್ಕಿನಲ್ಲಿ ಖಾಲಿ ಜಾಗವೇ ಇಲ್ಲ! ಗುಡ್ಡೆ ಸುತ್ತುವ ಮಳೆಗಾಲದ ದಾರಿ, ಅದರ ಕವಲುಗಳು, ಹಾಲಿನ ಡೈರಿ, ರೇಷನ್ ಅಂಗಡಿ, ದೈವಸ್ಥಾನ, ಎಲ್ಲವೂ ನನ್ನ ‘ಸರಿ’ಗೆ ಕಾದು ಕೂತಿದ್ದವು. ಗದ್ದೆಯ ಗೆರೆಗೆ ‘ಬೇಸಿಗೆಯಲ್ಲಿ ಮಾತ್ರ’ ಎಂದು ಸೇರಿತ್ತು. ಕೆಳಗೆ ರೊಸಾರಿಯೊ ಬರೆದಿದ್ದರು: ‘ನೀವು ಬಂದು ನೋಡಿದಿರಿ ಅಂದ ಮೇಲೆ ನನಗೆ ಸುಮ್ಮನೆ ಕೂರಲಿಕ್ಕೆ ಆಗಲಿಲ್ಲ. ಕೊಡೆ ಹಿಡಿದು ಎಲ್ಲ ನಡೆದೇ ನೋಡಿದೆ. ಬಸ್ಸು ಬಂದ ಜಾಗದಲ್ಲಿ ಈಗ ಕಪ್ಪೆಗಳ ಮದುವೆ ನಡೆಯುತ್ತಾ ಉಂಟು.’ ನಾನು ಸರಿ, ಸರಿ, ಸರಿ ಎಂದು ಒತ್ತುತ್ತಲೇ ಹೋದೆ. ಧಣಿಗಳು ಬಂದು ಬಾಗಿಲು ತಟ್ಟಿದ್ದೂ ಕೇಳಲಿಲ್ಲ.

ಹೋದ ಭಾನುವಾರ ನಿಟ್ಟೆಯಲ್ಲಿ ನಮ್ಮ ಗುಂಪು ಸೇರಿತ್ತು. ರೊಸಾರಿಯೊ ಅವರೂ ಬಂದಿದ್ದರು. ಹಡಗಿನಲ್ಲಿ ಅಡುಗೆ ಮಾಡಿ ನಿವೃತ್ತರಾದವರು, ಎತ್ತರದ ಆಳು. ಬಂದವರೇ, ‘ಆ ವಿಮಾನದವರು ಯಾರು?’ ಎಂದು ಕೇಳಿದರು. ನಾನು ಮೂಲೆಯಲ್ಲಿ ಎದ್ದು ನಿಂತೆ. ಅವರು ನನ್ನ ಕೈ ಹಿಡಿದು ಬಿಡಲೇ ಇಲ್ಲ. ಮನೋರಮಾ ಮೇಡಂ ನಾನು ಅವರಿಗೆ ಎರಡನೆಯ ಸಲ ಬರೆದದ್ದನ್ನು ಎಲ್ಲರೆದುರು ಓದಿದರು, ಯಾರೂ ನಗಲಿಲ್ಲ. ಇನ್ನು ಮುಂದೆ ಉಡುಪಿಯಿಂದ ಕಾರ್ಕಳದವರೆಗೆ ಯಾರೇ ಹೊಸಬರು ಬಂದರೂ ಮೊದಲ ಮಾತು ನಾನೇ ಬರೆಯಬೇಕೆಂದು ತೀರ್ಮಾನವಾಯಿತು. ಓಸ್ವಾಲ್ಡ್ ಬೆನ್ನಿಗೆ ಗುದ್ದಿ, ‘ನೀನು ಒಬ್ಬೊಬ್ಬರ ಗದ್ದೆಗೂ ಸೈಕಲಿನಲ್ಲಿ ಹೋಗುವವನಾದರೆ ನಿನಗೆ ಮುದುಕನಾಗಲಿಕ್ಕೂ ಪುರುಸೊತ್ತಿಲ್ಲ’ ಎಂದ. ಸಂಜೆ ನೋಡಿದರೆ ಹೆಜಮಾಡಿಯ ಆ ಹುಡುಗನಿಗೆ ಅವನೇ ಬರೆದಿದ್ದ: ‘ನಿನ್ನ ಮೀನಿನ ಮಾರ್ಕೆಟ್ ಸರಿಯಾಗಿಯೇ ಇತ್ತು. ತಿರುಗಿ ಬಾ ಮಾರಾಯ.’

ಬಸ್ಸಿನಲ್ಲಿ ಬರುವಾಗ ಕಿಟಕಿಯಿಂದ ಮಳೆ ಹೊಡೆಯುತ್ತಿದ್ದರೂ ನಾನು ಮುಚ್ಚಲಿಲ್ಲ. ಮನೆಗೆ ಬಂದ ಮೇಲೆ ಶೀತವಾಗುತ್ತದೋ ಎಂದು ಕಷಾಯ ಕುಡಿದೆ, ಅದು ಬೇರೆ ಮಾತು.

ಭಾವನವರಿಗೆ ನಮ್ಮಿಬ್ಬರ ಶರಣು. ಮಕ್ಕಳ ಕೆನ್ನೆಗೆ ಅವರ ಸೋದರಮಾವನ ಮುತ್ತು. ಕಾಗದ ಮುಟ್ಟಿದ ಕೂಡಲೇ ಒಂದು ಮಿಸ್ಡ್ ಕಾಲ್ ಕೊಡು, ಇಲ್ಲದಿದ್ದರೆ ನಾನು ಅಂಚೆಯವರ ಹಿಂದೆ ಬೀಳುತ್ತೇನೆ.

ಇಂತಿ ನಿನ್ನ ಪ್ರೀತಿಯ ತಮ್ಮ,
ಕರಿಬಸವ

ತಾ.ಕ.: ಲಕೋಟೆ ಅಂಟಿಸುವ ಮೊದಲು ಬರೆಯುತ್ತಿದ್ದೇನೆ, ಮುಖ್ಯವಾದದ್ದೇ ಉಳಿದುಹೋಗಿತ್ತು. ಗಜೇಂದ್ರಗಡವನ್ನು ನಕ್ಷೆಯಲ್ಲಿ ನೋಡಿದೆ. ಬೆಟ್ಟ ಕಾಣುತ್ತದೆ, ದೊಡ್ಡ ರಸ್ತೆ ಇದೆ, ನಿಮ್ಮ ಓಣಿ ಇಲ್ಲ. ನಾನೇ ಎಳೆಯಬಹುದಿತ್ತು, ಬೇಕೆಂದೇ ಬಿಟ್ಟಿದ್ದೇನೆ. ಬಸ್ ನಿಲ್ದಾಣದ ಎದುರು ಸೈಬರ್ ಆಗಿದೆ ಎಂದಿದ್ದೆಯಲ್ಲ, ಹೋಗಿ ಕೂತುಕೋ. ಬಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಎಳೆಯುವ ಹಾಗೆ ಎಳೆದುಬಿಡು. ಓಣಿ ಸೊಟ್ಟಗಾಗಲಿ, ಯಾರ ಮನೆಯ ಮೇಲಾದರೂ ಹಾದುಹೋಗಲಿ, ಹೆದರಬೇಡ. ಕೆಳಗೆ ಮೊದಲು ಬರೆಯುವವನು ನಾನೇ.