ಅರ್ಧ ಬೆಲೆಯ ಸಿಗಾರ್

ಮಾರ್ಚ್ 3, ಮಂಗಳವಾರ

ಅಂಗಡಿ ತೆಗೆದೆ. ಷೋಕೇಸಿನ ಗಾಜು ಒರೆಸಿದೆ. ಲವಂಗ ಅಗಿದೆ. ಮತ್ತೆ ಅದೇ ಗಾಜು ಒರೆಸಿದೆ. ಸಿಗರೇಟು ಬೇಕು ಅನಿಸಿದಾಗಲೆಲ್ಲ ಕೂತು ಬರೆಯಿರಿ ಎಂದಿದ್ದಾರೆ ಡಾಕ್ಟರ್. ಹಾಗೆ ಬರೆಯುತ್ತ ಕೂತರೆ ಕನ್ನಡಕ ಮಾರುವುದು ಯಾವಾಗ? ಸೇದುವುದು ಬಿಟ್ಟಾಗಿನಿಂದ ಕೈಗೆ ಕೆಲಸವಿಲ್ಲ, ಮೂಗಿಗೆ ಮಾತ್ರ ಡಬಲ್ ಡ್ಯೂಟಿ. ಗಿರಾಕಿಯ ತಲೆಗೆ ಹಚ್ಚಿದ ಎಣ್ಣೆ, ಪಕ್ಕದಂಗಡಿಯ ಪೇಂಟು, ನನ್ನದೇ ಕೋಟಿನ ಹಳೇ ಹೊಗೆ... ಎಲ್ಲವೂ ಮೂಗಿಗೆ ಬಡಿಯುತ್ತದೆ.

ಮಧ್ಯಾಹ್ನ ಕ್ಯಾಪ್ಟನ್ ಬಂದ. ಹಡಗು ಹತ್ತಿದವನಲ್ಲ ಪುಣ್ಯಾತ್ಮ. ಸ್ಕೂಲಿನಲ್ಲಿ ಒಂದೇ ಒಂದು ಫುಟ್‌ಬಾಲ್ ಮ್ಯಾಚಿಗೆ ಕ್ಯಾಪ್ಟನ್ ಆದ, ಟೀಮು ಸೋತಿತು, ಹೆಸರು ಅಂಟಿಕೊಂಡಿತು. ಈಗ ರಸ್ತೆಯಾಚೆ ಕೋಟು ಹೊಲಿಯುತ್ತಾನೆ. ಕಂಕುಳಲ್ಲಿ ಆ ಸಿಗಾರ್ ಡಬ್ಬಿ — ಅವನ ಹೆಂಡತಿ, ನಾನು ಅತ್ತಿಗೆ ಎನ್ನುತ್ತಿದ್ದವರು, ತಂದುಕೊಟ್ಟದ್ದು. ಅವರು ತೀರಿಹೋದ ಮೇಲೆ ಅದನ್ನು ಮಗುವಿನ ಹಾಗೆ ನೋಡಿಕೊಂಡಿದ್ದಾನೆ. ಒಣಗಬಾರದೆಂದು ಒದ್ದೆ ಸ್ಪಂಜು ಬೇರೆ.

"ಇದರ ಹೆಸರು ಸರಿಯಾಗಿ ಓದಿ ಹೇಳೋ. ಮುಂದಿನ ಭಾನುವಾರದಾಚೆ ಭಾನುವಾರ ಮಗಳ ನಿಶ್ಚಿತಾರ್ಥ. ಡಬ್ಬಿ ಬೀಗರಿಗೇ ಕೊಡ್ತೀನಿ. ಅವರ ಮುಂದೆ ಹೆಸರು ತಪ್ಪು ಹೇಳಿದ್ರೆ ಮರ್ಯಾದೆ ಏನಾಗ್ಬೇಕು?"

ಬೀಗರು ಸಿಗಾರ್ ವಿಷಯದಲ್ಲಿ ಪಂಡಿತರಂತೆ. ಹಚ್ಚದೆಯೇ, ಬರೀ ಮೂಸಿ ಯಾವ ಊರಿನದ್ದು ಎನ್ನುತ್ತಾರಂತೆ.

ಭೂತಗನ್ನಡಿ ಹಿಡಿದು ಒಂದರ ಸುತ್ತ ಇರುವ ಬಂಗಾರದ ಪಟ್ಟಿ ಓದಿದೆ. ಹೆಸರಿನಲ್ಲಿ ಎರಡು 'ಎಲ್' ಅಕ್ಷರ. ಪಕ್ಕದ್ದು ಓದಿದೆ. ಒಂದೇ ಎಲ್. ಮೂರನೆಯದರಲ್ಲಿ ಅಚ್ಚೊತ್ತಿದ ಕಿರೀಟವೇ ವಾಲಿಕೊಂಡಿತ್ತು. ಮೂಸಿ ನೋಡಿದೆ. ಗೋಂದಿನ ವಾಸನೆ.

"ಏನಂತೆ ಹೆಸರು?"

ಏನೋ ಒಂದು ಹೇಳಿ ಕಳಿಸಿದೆ. ನಕಲಿ ಎಂಬ ಮಾತು ನಾಲಿಗೆಗೆ ಬರಲಿಲ್ಲ.

ಮಾರ್ಚ್ 4, ಬುಧವಾರ, ಬೆಳಗ್ಗೆ

ಹೇಳಬೇಕು.

ಅದೇ ದಿನ, ಸಂಜೆ

ಹೇಳಲಿಲ್ಲ. ಎರಡು ಸಲ ರಸ್ತೆ ದಾಟಿದೆ. ಒಮ್ಮೆ ಗುಂಡಿ ಕೇಳಿದೆ, ಇನ್ನೊಮ್ಮೆ ದಾರ. ಅವನಿಗೆ ಅನುಮಾನ ಬಂದಿರಬೇಕು, ನಾನು ಗುಂಡಿ ಹೊಲಿದುಕೊಂಡದ್ದು ಯಾರೂ ಕಂಡಿಲ್ಲ.

ಡಬ್ಬಿ ಒಂದೇ ಆಗಿದ್ದರೆ ಹೇಳಿಬಿಡುತ್ತಿದ್ದೆ. ಅದರ ಜೊತೆ ಕಥೆ ಇದೆಯಲ್ಲ! ಅತ್ತಿಗೆ ತಂಗಿಯ ಹೆರಿಗೆಗೆಂದು ಹೊರದೇಶಕ್ಕೆ ಹೋದದ್ದು, ಬಂದರಿನ ಪೇಟೆಯಲ್ಲಿ ಚೌಕಾಶಿಗೆ ನಿಂತದ್ದು, ಮೂರು ಸಲ ಬೇಡವೆಂದು ಹೊರಟದ್ದು, ಮೂರು ಸಲವೂ ಅಂಗಡಿಯವನು ಓಡಿಬಂದು ಕರೆದದ್ದು, ಕೊನೆಗೆ — "ಅರ್ಧ ಬೆಲೆಗೆ!" ಕ್ಯಾಪ್ಟನ್ ಇದನ್ನು ಹೇಳದ ಮದುವೆ ಮನೆಯಿಲ್ಲ, ಕಾಯುವ ಕ್ಯೂ ಇಲ್ಲ. ತರಕಾರಿಯವನಿಂದ ಹಿಡಿದು ಬ್ಯಾಂಕಿನವರ ತನಕ ಅತ್ತಿಗೆಯನ್ನು ಯಾಮಾರಿಸಿದವರಿಲ್ಲ. ಈಗ ನಾನು ಹೋಗಿ ಏನೆನ್ನಲಿ? ಆ ಅಂಗಡಿಯವನು ಓಡಿಬಂದು ಕರೆದದ್ದು ಯಾಕೆ ಗೊತ್ತಾ, ಎನ್ನಲೇ?

ಹೇಳದಿದ್ದರೆ ಬೀಗರು ಹೇಳುತ್ತಾರೆ, ಅಷ್ಟು ಜನರ ಮುಂದೆ. ಅಥವಾ ಏನೂ ಹೇಳದೆ ಮೀಸೆಯಡಿ ನಗುತ್ತಾರೆ. ಅದು ಇನ್ನೂ ಕಷ್ಟ.

ಹೆಂಡತಿಗೆ ಹೇಳಿಕೊಂಡೆ. "ಆ ಚುಟ್ಟಾ ವಿಷಯಕ್ಕಾ ಬಾಲ ಸುಟ್ಟ ಬೆಕ್ಕಿನ ಹಾಗೆ ಓಡಾಡ್ತಿರೋದು? ನಿಮಗೆ ಸೇದೋಕಿಲ್ಲ ಅಂತ ಹೊಟ್ಟೆಯುರಿ ಕಣ್ರೀ."

ಇರಬಹುದೇ? ಬೇಜಾರಾಯಿತು. ಸೇದಿಲ್ಲ.

ಮಾರ್ಚ್ 6, ಶುಕ್ರವಾರ

ಉಪಾಯ ಹೊಳೆಯಿತು! ನಾನ್ಯಾಕೆ ಹೇಳಬೇಕು? ಅವನೇ ನೋಡಲಿ.

ಅವನ ಕನ್ನಡಕ ಓಬೀರಾಯನ ಕಾಲದ್ದು. ಸೂಜಿಗೆ ದಾರ ಪೋಣಿಸಲು ಮಗಳನ್ನು ಕರೆಯುತ್ತಾನೆ, ಹೊಸದು ಮಾಡಿಸು ಎಂದರೆ ಸಿಡುಕುತ್ತಾನೆ. ಇವತ್ತು ಕೈ ಹಿಡಿದು ಎಳೆತಂದು ಕೂರಿಸಿದೆ. ನಿಶ್ಚಿತಾರ್ಥಕ್ಕೆ ನನ್ನ ಉಡುಗೊರೆ ಎಂದೆ. ಬೋರ್ಡಿನ ಕೊನೇ ಮೂರು ಸಾಲು ಅವನಿಗೆ ಬರೀ ಇರುವೆ ಸಾಲು. ಒಳ್ಳೆಯ ಗಾಜನ್ನೇ ಆರ್ಡರ್ ಮಾಡಿದ್ದೇನೆ. ಮಂಗಳವಾರ ಬರುತ್ತದೆ. ಹಾಕಿಕೊಂಡ, ಡಬ್ಬಿ ತೆಗೆದ, ಹೆಸರು ಓದಿದ — ಮುಗಿಯಿತು. ನನ್ನ ಬಾಯಿ ಸ್ವಚ್ಛ.

ಸ್ವಲ್ಪ ನಾಚಿಕೆಯೂ ಆಗುತ್ತಿದೆ.

ಮಾರ್ಚ್ 10, ಮಂಗಳವಾರ

ಅವನ ಅಂಗಡಿಗೇ ಹೋಗಿ ಕನ್ನಡಕ ಕೊಟ್ಟೆ. ಹಾಕಿಕೊಂಡು ಮೊದಲು ನನ್ನ ಮುಖ ನೋಡಿದ. "ಏನೋ ಇಷ್ಟು ಮುದುಕ ಆಗಿದ್ದೀಯ! ಹೇಳೋದಲ್ವಾ?"

"ಡಬ್ಬಿ ಎಲ್ಲಿ? ಹೆಸರು ಈಗ ನೀನೇ ಓದ್ಕೋಬಹುದು," ಎಂದೆ. ಧ್ವನಿ ನನಗೇ ಕಳ್ಳನ ಧ್ವನಿಯಂತೆ ಕೇಳಿಸಿತು.

ಅವನು ಡಬ್ಬಿಯ ಕಡೆಗೆ ತಿರುಗಿದ. ದಾರಿಯಲ್ಲಿ ಕೋಟು ನೇತಾಡುತ್ತಿತ್ತು. ಅಳಿಯನಿಗೆ ಹೊಲಿದದ್ದು, ಗುಂಡಿಯೊಂದು ಬಿಟ್ಟು ಎಲ್ಲ ಮುಗಿದಿದ್ದ ಕೋಟು. ಅದರ ಭುಜದ ಹತ್ತಿರ ಕ್ಯಾಪ್ಟನ್ ನಿಂತುಬಿಟ್ಟ. ಬಗ್ಗಿದ. ಕಾಲರ್ ಮೇಲೆತ್ತಿ ನೋಡಿದ.

"ಇದನ್ನ ಹೊಲಿದದ್ದು ನಾನಾ? ಹಾವು ಹೋದ ಹಾಗಿದೆಯಲ್ಲೋ!"

ನನ್ನ ಕಣ್ಣೆದುರೇ ಕತ್ತರಿ ತೆಗೆದು ಕರಕರ ಹೊಲಿಗೆ ಬಿಚ್ಚತೊಡಗಿದ. ತೋಳು ಒಂದು ಕಡೆ, ಕಾಲರ್ ಒಂದು ಕಡೆ. ಡಬ್ಬಿ ಕಪಾಟಿನಲ್ಲಿ ತಣ್ಣಗೆ ಕೂತಿದೆ. ಅಯ್ಯೋ ನನ್ನ ಬುದ್ಧಿಗಿಷ್ಟು.

ಮಾರ್ಚ್ 11, ಬುಧವಾರ

ಅವನ ಅಂಗಡಿಯಲ್ಲಿ ಬೇರೆ ಮಾತಿಲ್ಲ, ಬರೀ ಮಿಷನ್ ಸದ್ದು. ಇಷ್ಟು ವರ್ಷ ಊರಿಗೆಲ್ಲ ಇಂಥದ್ದನ್ನೇ ಹೊಲಿದುಕೊಟ್ಟೆನಾ ಎಂದು ಒಂದೇ ಹಲುಬು. ನೋಡಲಾಗಲಿಲ್ಲ. ಸಿಗರೇಟಿನ ಗೂಡಂಗಡಿ ತನಕ ಹೋದೆ. ಪೆಪ್ಪರ್‌ಮಿಂಟ್ ಕೊಂಡು ವಾಪಸ್ ಬಂದೆ.

ಮಾರ್ಚ್ 14, ಶನಿವಾರ

ಹೇಳಿದೆ.

ಬರೆಯಲು ಕೈ ಬರುತ್ತಿಲ್ಲ. ಆದರೂ.

ಕೋಟು ಮುಗಿದಿತ್ತು. ಕೊನೇ ಗುಂಡಿ ಹಾಕುತ್ತಿದ್ದ. ನಿಂತುಕೊಂಡೇ ಹೇಳಿದೆ, ಕೂತರೆ ಹೇಳಲಾಗುವುದಿಲ್ಲ ಎಂದು ಗೊತ್ತಿತ್ತು.

"ಕ್ಯಾಪ್ಟನ್, ಆ ಡಬ್ಬಿ ನಾಳೆ ಕೊಡಬೇಡ. ಅದು ಬಹುಶಃ ಅಸಲಿ ಅಲ್ಲ."

"ಬಹುಶಃ ಅಂದ್ರೆ?"

"ಒಂದರ ಮೇಲೆ ಎರಡು ಎಲ್ ಇದೆ, ಇನ್ನೊಂದರ ಮೇಲೆ ಒಂದೇ. ತಮ್ಮ ಹೆಸರನ್ನ ತಾವೇ ತಪ್ಪು ಬರೀತಾರೇನೋ?"

"ನಿನ್ನ ಬೋರ್ಡಲ್ಲಿ ಎಷ್ಟು ವರ್ಷ 'ಕಣ್ಣಡಕದ ಅಂಗಡಿ' ಅಂತಿತ್ತು? ಹಾಗಂತ ನೀನು ನಕಲಿನಾ?"

ನಿಜವೇ, ಇತ್ತು. ಪೇಂಟರ್ ಮಾಡಿದ ತಪ್ಪು, ತಿದ್ದಿಸಲು ನನಗೆ ಸೋಮಾರಿತನ.

"ವಾಸನೆನೂ ಸರಿಯಿಲ್ಲ ಕಣೋ. ಗೋಂದು ಗೋಂದು."

ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟ. ಬೈದಿದ್ದರೆ ಚೆನ್ನಾಗಿತ್ತು.

"ಅವಳನ್ನ ಯಾರೂ ಯಾಮಾರಿಸೋಕಾಗ್ತಿರಲಿಲ್ಲ."

"ಗೊತ್ತು."

"ಗೊತ್ತಿದ್ದೂ ಹೇಳ್ತಿದ್ದೀಯ." ಹೊಸ ಕನ್ನಡಕ ತೆಗೆದು ಮಡಚಿದ. ಮೇಜಿನ ಮೇಲೆ ನನ್ನ ಕಡೆಗೆ ಸರಿಸಿದ. "ಇದಕ್ಕೇ ಅಲ್ವಾ ಮಾಡಿಸ್ಕೊಟ್ಟಿದ್ದು? ತಗೊಂಡು ಹೋಗು."

ಜೇಬಿನಲ್ಲಿಟ್ಟುಕೊಂಡು ಬಂದೆ. ಹೆಂಡತಿ ಟೀ ಇಟ್ಟು ಪಕ್ಕದಲ್ಲಿ ಕೂತಳು. ಸೇದಿಲ್ಲ. ಸೇದಿದ್ದರೂ ಇಷ್ಟು ಎದೆನೋವು ಬರುತ್ತಿರಲಿಲ್ಲ.

ಮಾರ್ಚ್ 15, ಭಾನುವಾರ, ಬೆಳಗ್ಗೆ

ಹೋಗಬೇಕೋ ಬೇಡವೋ. ಶೂ ಹಾಕಿದೆ, ಬಿಚ್ಚಿದೆ. ಕ್ಯಾಪ್ಟನ್ ಮಗಳ ಫೋನು: "ಚಿಕ್ಕಪ್ಪ, ಇನ್ನೂ ಯಾಕೆ ಬಂದಿಲ್ಲ? ಅಪ್ಪ ಆಗಿಂದ ಬಾಗಿಲನ್ನೇ ನೋಡ್ತಿದ್ದಾರೆ."

ಬಾಗಿಲು ನೋಡುತ್ತಿರುವುದು ಬೀಗರಿಗಾಗಿ ಇರಬಹುದು. ಹೊರಟೆ.

ಅದೇ ದಿನ, ಮಧ್ಯಾಹ್ನ, ನಾಲ್ಕು ಗಂಟೆ

ಈಗಷ್ಟೇ ಬಂದೆ. ಮರೆಯುವ ಮೊದಲು ಬರೆಯಬೇಕು.

ಹೋಟೆಲಿನ ಮಹಡಿಯ ಹಾಲ್. ಕೋಟು ಅಳಿಯನ ಮೈಮೇಲೆ ಎರಕ ಹೊಯ್ದ ಹಾಗೆ ಕೂತಿತ್ತು. ಕ್ಯಾಪ್ಟನ್ ಹಳೇ ಕನ್ನಡಕದಲ್ಲಿದ್ದ. ನನ್ನನ್ನು ನೋಡಿ ನೋಡದ ಹಾಗೆ ಮಾಡಿದ. ಬೀಗರ ಮುಂದಿನ ಮೇಜಿನ ಮೇಲೆ... ಡಬ್ಬಿ! ತಂದೇ ಬಿಟ್ಟಿದ್ದ. ಮೂಲೆಯ ಕುರ್ಚಿಗೆ ಹೋಗಿ ಕೂತೆ.

"ಅಪ್ಪ, ಅಮ್ಮನ ಚೌಕಾಶಿ ಕಥೆ ಹೇಳಿ," ಎಂದಳು ಮಗಳು. ಕೂಸಿಗೇನು ಗೊತ್ತು.

ಶುರು ಮಾಡಿದ. ಅದೇ ಪೇಟೆ, ಅದೇ ಮೂರು ಸಲ. ಅತ್ತಿಗೆ ಸೆರಗು ಕೊಡವಿಕೊಂಡು ಹೊರಡುವುದನ್ನು ನಿಂತು ಮಾಡಿ ತೋರಿಸಿದ. "ಅರ್ಧ ಬೆಲೆಗೆ!" ಎಲ್ಲರೂ ನಕ್ಕರು. ಕ್ಯಾಪ್ಟನ್ ಕೂರಲಿಲ್ಲ.

"ಬೀಗರೇ, ಇದರ ಮುಂದಿನ ಭಾಗ ನನಗೂ ನಿನ್ನೆ ತನಕ ಗೊತ್ತಿರಲಿಲ್ಲ. ಇದು ನಕಲಿ ಮಾಲು. ಬಹುಶಃ. ಆ 'ಬಹುಶಃ' ಅಲ್ಲಿ ಕೂತಿದ್ದಾನಲ್ಲ, ಆ ಕಣ್ಣಡಕದವನದ್ದು."

ಬೀಗರು ಒಂದನ್ನು ತೆಗೆದು ಕಿವಿಯ ಹತ್ತಿರ ಹಿಡಿದು ಹೊರಳಿಸಿದರು. ಮೂಸಿದರು. "ಅರ್ಧ ಬೆಲೆ ಕೊಟ್ಟರಾ?"

"ಹೂಂ."

"ಜಾಸ್ತಿನೇ ಕೊಟ್ಟರು."

ಎಲ್ಲರೂ ಕ್ಯಾಪ್ಟನ್ ಕಡೆಗೆ ತಿರುಗಿದರು. ಆಮೇಲೆ ಕ್ಯಾಪ್ಟನ್ ನಕ್ಕ. ಮೊದಲು ಅವನೇ ನಕ್ಕದ್ದು. ಹೊಟ್ಟೆ ಹಿಡಿದುಕೊಂಡು ನಕ್ಕ. "ಅವಳು ಇದ್ದಿದ್ರೆ ಆ ಅಂಗಡಿಯವನ ಕಾಲರ್ ಹಿಡಿಯೋಕೆ ಇವತ್ತೇ ಹೊರಡೋಳು!" ನಗುತ್ತಲೇ ಕಣ್ಣೊರೆಸಿಕೊಂಡ. ಮಗಳು ಬಂದು ತೋಳು ಹಿಡಿದುಕೊಂಡಳು.

ಊಟವಾದ ಮೇಲೆ ಟೆರೇಸಿನಲ್ಲಿ ನಾವಿಬ್ಬರೇ. "ಇಷ್ಟು ದಿನ ಅಸಲಿ ಅಂತ ಒಂದೂ ಹಚ್ಚಲಿಲ್ಲ," ಎಂದ. "ನಾನು ಹಚ್ಚಲಿ ಅಂತ ತಾನೆ ಅವಳು ತಂದಿದ್ದು? ನಕಲಿ ಇಟ್ಕೊಂಡು ಯಾರಿಗೆ ಕೊಡ್ಲಿ." ಕೈ ಚಾಚಿದ. "ಎಲ್ಲಿ ನನ್ನ ಕನ್ನಡಕ? ಜೇಬಲ್ಲೇ ಇರುತ್ತೆ, ನನಗೆ ಗೊತ್ತು."

ಇತ್ತು. ಹಾಕಿಕೊಂಡು ಪಟ್ಟಿ ಓದಿದ, ಒಂದೊಂದೇ ಅಕ್ಷರ. ಎರಡು ಎಲ್ ಇದ್ದದ್ದು ತಾನಿಟ್ಟುಕೊಂಡ. ಒಂದು ಎಲ್‌ನದ್ದು ನನ್ನ ಕೈಗಿಟ್ಟ.

"ಹತ್ತು ದಿನ ಸುಮ್ನಿದ್ದೆಯಲ್ಲೋ. ಅದಕ್ಕೆ ಕೋಪ ನಂಗೆ. ಇನ್ನೂ ಇದೆ."

ಕಡ್ಡಿ ಗೀರಿದ. ಗಾಳಿಗೆ ಆರಿತು. ಎರಡನೆಯದಕ್ಕೆ ನಾನು ಅಂಗೈ ಅಡ್ಡ ಹಿಡಿದೆ. ಅವನು ಒಂದು ದಮ್ಮು ಎಳೆದು ಕೆಮ್ಮಿ ಕೆಮ್ಮಿ, "ಇವಳೇ, ಇದಕ್ಕಾ ಮೂರು ಸಲ ಹೊರಟೆ?" ಎಂದ, ಆಕಾಶಕ್ಕಲ್ಲ, ಪಕ್ಕದಲ್ಲೇ ನಿಂತವಳಿಗೆ ಹೇಳಿದಂತೆ. ಆಮೇಲೆ ಇನ್ನೊಂದು ಕಡ್ಡಿ ಗೀರಿ ನನ್ನ ಕಡೆ ಹಿಡಿದ.

ಇದನ್ನು ಬರೆಯುತ್ತಿರುವಾಗಲೇ ಹೆಂಡತಿ ಮನೆಯ ಮೆಟ್ಟಿಲು ಹತ್ತುತ್ತಿದ್ದಾಳೆ. "ರೀ, ಏನದು ಗೋಂದು ಸುಟ್ಟ ವಾಸನೆ?" ಬಾಯಿ ತೊಳೆದಿಲ್ಲ. ಡಾಕ್ಟರಿಗೆ ಏನು ಹೇಳುವುದೋ. ಇವತ್ತು ಸೇದಿ—