ಸೊಂಟದೆತ್ತರದ ಗುರುತುಗಳು

ಸೊಲ್ಚಾವ
ಜೂನ್ ಹನ್ನೊಂದು, ಗುರುವಾರ ಮಧ್ಯಾಹ್ನ

ಪ್ರೀತಿಯ ಆಂಚ್ಕಾ,

ನಿನ್ನ ಮಂಡಿನೋವು ಹೇಗಿದೆ? ಮಗಳ ಮನೆಯ ಮೆಟ್ಟಿಲು ಹತ್ತಿಳಿದು ಅದನ್ನು ಇನ್ನಷ್ಟು ಕೆಡಿಸಿಕೊಳ್ಳಬೇಡ. ಹೆರಿಗೆಯಾದ ಮೇಲೆ ಪೊಲೋನಾ ಎದ್ದು ಓಡಾಡುತ್ತಿದ್ದಾಳೆಯೇ? ಫೋನ್ ಮಾಡಿದರೆ ಕೂಸಿನ ಅಳು ಬಿಟ್ಟು ಬೇರೇನೂ ಕೇಳಿಸುವುದಿಲ್ಲ, ಅದಕ್ಕೇ ಕಾಗದ ಬರೆಯಲು ಕೂತೆ. ನಾನು ಗಟ್ಟಿಮುಟ್ಟಾಗಿದ್ದೇನೆ. "ವಿಂಕೊ, ಒಲೆ ಆರ್ಸಿದ್ಯಾ ಅಂತ ಎರಡೆರಡು ಸಲ ನೋಡು" ಎಂದು ಬಸ್ಸಿನ ಕಿಟಕಿಯಿಂದ ಊರಿಗೆಲ್ಲ ಕೇಳುವ ಹಾಗೆ ಕೂಗಿದೆಯಲ್ಲ, ನೋಡುತ್ತಿದ್ದೇನೆ ಮಹಾರಾಯ್ತಿ. ಶನಿವಾರ ಉರ್ಶಾ ಬರುತ್ತಾಳೆಂದು ಮಂಚಕ್ಕೆ ಹೊಸ ಹೊದಿಕೆ ಹಾಸಿಟ್ಟಿದ್ದೇನೆ. ಮೊಮ್ಮಗಳು ಒಂದು ವಾರ ನನ್ನೊಬ್ಬನ ಪಾಲಿಗೆ! ಹೊಟ್ಟೆಕಿಚ್ಚು ಪಡು ನೀನು.

ಅವಳನ್ನು ಜಲಪಾತಕ್ಕೆ ಕರೆದುಕೊಂಡು ಹೋಗುವ ಮೊದಲು ದಾರಿ ಒಮ್ಮೆ ನೋಡಿಬರೋಣವೆಂದು ಇವತ್ತು ಬೆಳಿಗ್ಗೆ ಕಣಿವೆಗೆ ಹೊರಟೆ. ಆ ದಾರಿಯಲ್ಲಿ ನೋಡುವುದೇನಿದೆ, ಹಿಮನದಿ ಉಜ್ಜಿ ಸಮಮಾಡಿಟ್ಟ ನೆಲ, ಕೂಸಿನ ತಳ್ಳುಗಾಡಿಯೂ ಹೋಗುತ್ತದೆ. ಹುಲ್ಲುಗಾವಲಿನ ಹತ್ತಿರ ಸಾರು, ಚೀಸ್ ಮಾರುವ ರೆಜ್ಕಾ ದೂರದಿಂದಲೇ ಶುರುಮಾಡಿದಳು: "ಏನ್ ವಿಂಕೊ ಮಾವ, ಇವತ್ತೂ ಬಂದ್ರಾ? ನಮ್ಮ ಸಾರಿನ ರುಚಿ ಹತ್ತಿತು ಅನ್ಸುತ್ತೆ! ತಗೊಳ್ಳಿ, ನಿನ್ನೆ ಟೋಪಿ ಇಲ್ಲೇ ಬಿಟ್ಟು ಹೋಗಿದ್ರಿ." ಬೆಳಿಗ್ಗೆ ಮನೆಯೆಲ್ಲ ಹುಡುಕಿದ ಬೂದು ಟೋಪಿ! ನಿನ್ನೆ ನಾನು ಹೊಸಿಲು ದಾಟಿಲ್ಲ ಕಣಮ್ಮಾ ಎಂದರೆ, "ಅತ್ತೆ ಊರಲ್ಲಿಲ್ಲ ಅಂದ್ಕೂಡ್ಲೆ ನಿಮ್ಗೆ ತಲೆ ನಿಲ್ತಿಲ್ಲ ಬಿಡಿ" ಎಂದು ನಕ್ಕಳು. ತಮಾಷೆ ಮಾಡದಿದ್ದರೆ ಅವಳಿಗೆ ತಿಂದದ್ದು ಅರಗುವುದಿಲ್ಲ. ಬಾರ್ಲಿ ಸಾರು ಕುಡಿದು ಮುಂದೆ ನಡೆದೆ.

ಮಲಗಿದ ಹೋರಿಯಂತಿರುವ ಆ ದೊಡ್ಡ ಬಂಡೆಯ ಬಳಿ ದಾರಿ ಬಲಕ್ಕೆ, ಜಲಪಾತದ ಕಡೆಗೆ ಹೊರಳುತ್ತದಲ್ಲ, ಅಲ್ಲಿ ಎಡಗಡೆ ಒಂದು ಹೊಸ ದಾರಿಗುರುತು ಕಂಡಿತು. ಬಣ್ಣದಲ್ಲಿ ಬರೆದ ಕೆಂಪು ಬಳೆ, ನಡುವೆ ಬಿಳಿ ಬೊಟ್ಟು. ನೋಡಿದ ಕೂಡಲೇ ಮೈ ಉರಿಯಿತು. ಚಾರಣ ಸಂಘಕ್ಕಾಗಿ ಈ ಕಣಿವೆಯ ಗುರುತುಗಳನ್ನೆಲ್ಲ ಬರೆದವನು ನಾನು. ಎಡಗಡೆ ದಾರಿಯೇ ಇಲ್ಲ! ನಿನ್ನ ಅಣ್ಣ ಬ್ಲಾಜ್‌ನನ್ನೂ ಸೆಳೆದುಕೊಂಡು ಆ ಬೆಟ್ಟದ ಅಂಚು ಕುಸಿದು ಹೋದಾಗಲೇ ಹಳೆಯ ದಾರಿಯೂ ಹೋಯಿತು. ಈಗಿನ ನಕ್ಷೆಯಲ್ಲೂ ಇಲ್ಲ. ಆದರೂ ಸ್ವಲ್ಪ ದೂರದಲ್ಲಿ ಇನ್ನೊಂದು ಬಳೆ, ಆಮೇಲೆ ಮತ್ತೊಂದು, ಹಳೆಯ ದಾರಿ ಎಲ್ಲೆಲ್ಲಿ ತಿರುಗುತ್ತಿತ್ತೋ ಸರಿಯಾಗಿ ಅಲ್ಲಲ್ಲೇ. ಎಲ್ಲವೂ ನನ್ನ ಸೊಂಟದೆತ್ತರದಲ್ಲಿ. ಯಾವ ದೊಡ್ಡ ಮನುಷ್ಯ ಅಷ್ಟು ಕೆಳಗೆ ಬರೆಯುತ್ತಾನೆ? ಹಸುಗಳ ಗಂಟೆಯ ಸದ್ದು ಹಿಂದೆಲ್ಲೋ ನಿಂತುಹೋಗಿತ್ತು. ಗಾಳಿಯಿಲ್ಲ, ಹಕ್ಕಿಯಿಲ್ಲ, ಬಣ್ಣದ ವಾಸನೆ ಮಾತ್ರ. ಕೊನೆಯ ಗುರುತು ಒಂದು ಮರದ ಬುಡದಲ್ಲಿತ್ತು. ಅದರಾಚೆ ಪೊದೆ. ಪೊದೆ ಸರಿಸಿದರೆ ಕಾಲಿಡಲು ನೆಲವಿಲ್ಲ, ಆಂಚ್ಕಾ. ಆಳದಲ್ಲಿ ಕಲ್ಲುಗಳು ಕಾಣುತ್ತವೆ.

ಆ ಬಳೆಯ ಕೆಳಗೆ ಬಿಳಿ ಬಣ್ಣದಲ್ಲಿ ಹೆಬ್ಬೆರಳಿನ ಒತ್ತು ಇತ್ತು. ಗುರುತು ಬರೆದಾದ ಮೇಲೆ ಮರಕ್ಕೇ ಹೆಬ್ಬೆರಳು ಒರೆಸುವುದು ಬ್ಲಾಜ್‌ನ ಚಾಳಿ. ಕೆಲಸ ಕಲಿಸಿದವನು ಅವನು, ನನಗೂ ಅದೇ ಚಾಳಿ ಅಂಟಿಸಿದ. ಆ ದಾರಿಯ ತಿರುವುಗಳು ಗೊತ್ತಿದ್ದವರು ನಾವಿಬ್ಬರೇ. ಅವನು ಇಗರ್ಜಿಯ ಹಿಂದೆ ಮಣ್ಣಿನಲ್ಲಿದ್ದಾನೆ. ಯಾಕೋ ನನ್ನ ಹೆಬ್ಬೆರಳನ್ನು ಆ ಒತ್ತಿನ ಮೇಲಿಟ್ಟೆ. ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿತು. ನಗಬೇಡ, "ಬ್ಲಾಜ್" ಎಂದು ಕೂಗಿದೆ. ಎದುರಿನ ಬಂಡೆಗೋಡೆ ಅವನ ಹೆಸರನ್ನು ನನಗೇ ಹೇಳಿತು. ಬಿದ್ದೆನೋ ಎದ್ದೆನೋ ಎಂದು ರೆಜ್ಕಾಳ ಬಾಗಿಲಿಗೆ ಓಡಿಬಂದೆ. ಅವಳ ಗಂಡ ಆಗಲೇ ತಂತಿ ಬ್ರಷ್ ಹಿಡಿದು ಗುರುತುಗಳನ್ನು ಉಜ್ಜಲು ಹೋದ.

ಬರುವಾಗ ಬ್ಲಾಜ್‌ನ ಸಮಾಧಿಗೆ ಮೇಣದಬತ್ತಿ ಹಚ್ಚಿ, ನಮ್ಮನ್ನು ಬಿಟ್ಟುಬಿಡು ಮಾರಾಯ ಎಂದು ಬೇಡಿಕೊಂಡೆ. ನೀನು ಹೆದರಬೇಡ. ಉರ್ಶಾಳ ಕೈಯನ್ನು ಒಂದು ಗಳಿಗೆಯೂ ಬಿಡುವುದಿಲ್ಲ. ಪೊಲೋನಾಳಿಗೆ ಮುತ್ತು. ಕೂಸಿನ ಹಣೆಗೆ ಈ ಮುದುಕನ ಪರವಾಗಿ ಶಿಲುಬೆಯ ಗುರುತು ಹಾಕು, ದೇವರು ಅದನ್ನು ಚೆನ್ನಾಗಿಟ್ಟಿರಲಿ.

ನಿನ್ನವನೇ ಆದ
ವಿಂಕೊ

ತಾ.ಕ.: ಬಸ್ಸು ಓಡಿಸುವ ಗೊರಾಜ್ದ್ ಗೇಟಿನಲ್ಲಿ ಹಾರ್ನ್ ಹೊಡೆಯುತ್ತಿದ್ದಾನೆ, ಈ ಕಾಗದ ಇವತ್ತೇ ನಿನ್ನ ಕೈಗೆ ಕೊಡುತ್ತಾನೆ. ಲಕೋಟೆ ಅಂಟಿಸುವ ಮೊದಲು ಕೈ ತೊಳೆದೆ. ಉಗುರಿನೊಳಗಿನ ಕೆಂಪು ಹೋಗಲಿಲ್ಲ. ನಾನು ಮುಟ್ಟಿದ್ದು ಬಿಳಿಯನ್ನು ಮಾತ್ರ. ಸೌದೆಮನೆಗೆ ಹೋಗಿ ನೋಡಿದೆ. ನನ್ನ ಹಳೇ ಬ್ರಷ್ ಎಣ್ಣೆಯಲ್ಲಿ ನೆನೆಯುತ್ತಿದೆ, ಕೆಂಪು, ಬಿಳಿ ಎರಡೂ ಬಣ್ಣದ ಡಬ್ಬಿಗಳ ಮುಚ್ಚಳ ತೆಗೆದಿದೆ. ಹೋದ ಬೇಸಿಗೆಯಲ್ಲಿ ಉರ್ಶಾಳ ಎತ್ತರ ಅಳೆದು ಬಾಗಿಲ ಚೌಕಟ್ಟಿಗೆ ಗೆರೆ ಎಳೆದಿದ್ದೆವಲ್ಲ, ಅದರ ಸ್ವಲ್ಪ ಕೆಳಗೆ, ಅವಳ ಕಣ್ಣಿನ ಮಟ್ಟಕ್ಕೆ, ನನ್ನ ಸೊಂಟದೆತ್ತರಕ್ಕೆ, ಒಂದು ಕೆಂಪು ಬಳೆ. ಅವಳೇ ದಾರಿ ಹುಡುಕಲಿ ಅಂತ ಕಣಿವೆಯ ಗುರುತುಗಳನ್ನೂ ನಾನೇ ಬರೆದಿದ್ದೇನೆ, ಆಂಚ್ಕಾ. ನನಗೆ ಒಂದಿಷ್ಟೂ ನೆನಪಿಲ್ಲ. ಮಗುವನ್ನು ಕಳಿಸಬೇಡ. ನಾಳೆ ನಾನೇ ಫೋನ್ ಮಾಡಿ ಕಳಿಸು ಅಂದರೂ ಕಳಿಸಬೇಡ. ನೀನು ಬಾ.